ಕಾಶಿಯಲ್ಲಿ ತಂದೆ ಮಕ್ಕಳು

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಕಾಶಿಯೆಂಬ ಹೆಸರು ಮಕ್ಕಳ ಕಿವಿಗೆ ಮೊದಲು ಬೀಳುವುದು ಮದುವೆಯ ಚಪ್ಪರದಲ್ಲಿ. ಮದುವಣಿಗನು ಕೊಡೆ ಕೋಲುಗಳನ್ನು ಹಿಡಿದು ಕಾಶಿಗೆ ಹೊರಟೆನೆಂದು ನಾಲ್ಕು ಹೆಜ್ಜೆ ನಡೆಯುವನು. ಹೆಣ್ಣಿನ ತಂದೆಯು ಎದುರಿಗೆ ಬಂದು, ಕನ್ಯೆಯನ್ನು ಕೊಡುವೆನೆಂದು ಹೇಳಿ, ಅವನನ್ನು ಹಿಂದಕ್ಕೆ ಕರೆತರುವನು. ಹೀಗೆ ಸಂಸಾರದ ಹೊಸ್ತಿಲಲ್ಲಿ ನಿಂತುಹೋದ ಆ ಪಯಣವು, ಮಕ್ಕಳು ಮರಿಗಳಾಗಿ ತಲೆ ನರೆತ ಮೇಲೆ ಮತ್ತೆ ನೆನಪಿಗೆ ಬರುವುದು. ಆಗ ತಡೆಯಲು ಮಾವನು ಇರುವುದಿಲ್ಲ. ಕೈಹಿಡಿದು ಕರೆದುಕೊಂಡು ಹೋಗಲು ಮಗನು ಬೇಕು. ಆದರೆ ಆ ಮಗನಿಗೂ ತಂದೆಗೂ ನಡುವೆ ಮನಬಿಚ್ಚಿದ ಮಾತು ನಿಂತು ಎಷ್ಟೋ ವರ್ಷಗಳಾಗಿದ್ದರೆ?

ಈ ಪ್ರಶ್ನೆಯನ್ನು ಎತ್ತಿಕೊಂಡ ಒಂದು ಹಿಂದೀ ಚಲಚ್ಚಿತ್ರವುಂಟು. ಅದರ ಹೆಸರು ‘ಮುಕ್ತಿ ಭವನ’. ಶುಭಾಶೀಷ್ ಭೂಟಿಯಾನಿ ಎಂಬ ತರುಣರು ಅದನ್ನು ನಿರ್ದೇಶಿಸಿದರು. ೨೦೧೬ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಇಟಲಿ ದೇಶದ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಅದರ ಮೊದಲ ಪ್ರದರ್ಶನವಾಯಿತು. ೨೦೧೭ರ ಏಪ್ರಿಲಿನಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದಿತು. ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಕಾಶಿಯನ್ನು ಸುತ್ತಿದೆವು. ವಿಶ್ವನಾಥನ ಮಂದಿರ, ಅನ್ನಪೂರ್ಣೆಯ ಸನ್ನಿಧಿ, ದಶಾಶ್ವಮೇಧದ ಸಂಜೆಯ ಆರತಿ, ಇವುಗಳ ವರ್ಣನೆ ವಾಚಕರಿಗೆ ಹೊಸದಲ್ಲ. ಆದುದರಿಂದ ಅವುಗಳನ್ನು ಬದಿಗಿರಿಸಿ, ತಂದೆ ಮಕ್ಕಳಿಗೆ ಈ ಊರು ಏನನ್ನು ಕೊಡುವುದೆಂಬುದೊಂದನ್ನೇ ಇಲ್ಲಿ ಬರೆಯುವೆವು.

ದಕ್ಷಿಣದಿಂದ ರೈಲಿನಲ್ಲಿ ಹೋಗುವವರಲ್ಲಿ ಬಹುಮಂದಿ ಮೊಗಲಸರಾಯಿಯನ್ನು ಮುಟ್ಟಿ ಕಾಶಿಗೆ ತಿರುಗುವರು. ೨೦೧೮ರಿಂದ ಆ ನಿಲ್ದಾಣಕ್ಕೆ ಪಂಡಿತ ದೀನದಯಾಳ ಉಪಾಧ್ಯಾಯರ ಹೆಸರಾಗಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ಗಂಗೆಯ ಮೇಲೆ ಉಕ್ಕಿನ ದೊಡ್ಡ ಸೇತುವೆ. ೧೮೮೭ರಲ್ಲಿ ಡಫರಿನ್ ಸೇತುವೆಯೆಂದು ತೆರೆಯಲ್ಪಟ್ಟ ಇದು ೧೯೪೮ರಲ್ಲಿ ಮಾಲವೀಯರ ಹೆಸರನ್ನು ತಳೆಯಿತು. ಕೆಳಗಿನ ಅಂತಸ್ತಿನಲ್ಲಿ ರೈಲು, ಮೇಲಿನ ಅಂತಸ್ತಿನಲ್ಲಿ ರಸ್ತೆ. ಗಾಡಿಯು ಸೇತುವೆಯನ್ನು ಹತ್ತುತ್ತಲೇ ಮಾತನಾಡುತ್ತಿದ್ದವರೆಲ್ಲ ಎಡಗಡೆಯ ಕಿಟಕಿಗಳಿಗೆ ಒತ್ತಿಕೊಳ್ಳುವರು. ಹೊಳೆಯು ಬಿಲ್ಲಿನಂತೆ ಬಾಗಿದೆ. ಬಾಗಿದ ದಂಡೆಯುದ್ದಕ್ಕೂ ಸೋಪಾನಗಳು, ಗೋಪುರಗಳು, ಮಾಳಿಗೆಗಳು. ಎದುರು ದಂಡೆಯಲ್ಲಿ ಬರಿಯ ಮರಳು. ಗಂಗೆಯು ಇಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹರಿಯುವಳು. ಹಿಮವಂತನ ಮಗಳು ಸಮುದ್ರದ ಹಾದಿಯನ್ನು ಹಿಡಿದವಳು, ಈ ಒಂದು ಊರಿನಲ್ಲಿ ತಂದೆಯ ಮನೆಯ ಕಡೆಗೆ ಮುಖ ತಿರುಗಿಸಿದಂತೆ ತೋರುವುದು. ನಾವು ಹುಡುಕಿಕೊಂಡು ಹೋದ ವಿಷಯಕ್ಕೆ ನದಿಯೇ ಪೀಠಿಕೆಯನ್ನು ಹಾಕಿದಂತಾಯಿತು.

ಅಸ್ಸಿಯ ಮೆಟ್ಟಿಲುಗಳಲ್ಲಿ ದೋಣಿಯನ್ನು ಹತ್ತಿ ಹೊಳೆಯ ಜೊತೆಗೇ ಉತ್ತರಕ್ಕೆ ಸಾಗಿದರೆ, ಎರಡು ಶ್ಮಶಾನಗಳು ಸಿಕ್ಕುವುವು. ಮೊದಲನೆಯದು ಹರಿಶ್ಚಂದ್ರ ಘಾಟ. ರಾಘವಾಂಕನ ಕಾವ್ಯವನ್ನು ಓದಿದವರಿಗೂ, ೧೯೬೫ರಲ್ಲಿ ರಾಜಕುಮಾರರು ನಟಿಸಿದ ಚಿತ್ರವನ್ನು ನೋಡಿದವರಿಗೂ ಈ ಸ್ಥಳವನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ವೀರಬಾಹುಕನಿಗೆ ತನ್ನನ್ನು ಮಾರಿಕೊಂಡ ಅರಸನು ಇಲ್ಲಿ ಸುಡುಗಾಡನ್ನು ಕಾಯುತ್ತಿರಲು, ಹಾವು ಕಚ್ಚಿ ಸತ್ತ ಮಗು ಲೋಹಿತಾಶ್ವನನ್ನು ಚಂದ್ರಮತಿಯು ಹೊತ್ತು ತರುವಳು. ಒಡೆಯನಿಗೆ ಸಲ್ಲಬೇಕಾದ ತೆರವಿಲ್ಲದೆ ಸುಡಕೂಡದೆಂದು ತಂದೆಯೇ ತಡೆಯುವನು. ಕನ್ನಡಿಗರು ಶತಮಾನಗಳಿಂದ ಅತ್ತ ಕಥೆಯಿದು.

ಆದರೆ ಇದೇ ಹರಿಶ್ಚಂದ್ರನಿಗೆ ಐತರೇಯ ಬ್ರಾಹ್ಮಣದಲ್ಲಿ ಇದಕ್ಕಿಂತ ಹಳೆಯದಾದ ಇನ್ನೊಂದು ಕಥೆಯುಂಟೆಂಬುದನ್ನು ಎಲ್ಲರೂ ಅರಿತಿರಲಾರರು. ಮಕ್ಕಳಿಲ್ಲದ ಅರಸನು, ಮಗನಾದರೆ ಅವನನ್ನೇ ಬಲಿಗೊಡುವೆನೆಂದು ವರುಣನಿಗೆ ಮಾತು ಕೊಟ್ಟನು. ಮಗನು ಹುಟ್ಟಿದನು, ರೋಹಿತನೆಂದು ಹೆಸರಾಯಿತು. ಹಲ್ಲು ಬರಲಿ, ಹಲ್ಲು ಬೀಳಲಿ, ಆಯುಧ ಹಿಡಿಯುವಷ್ಟು ಬೆಳೆಯಲಿ ಎಂದು ತಂದೆಯು ದಿನಗಳನ್ನು ತಳ್ಳಿದನು. ಕೊನೆಗೆ ನಿಜವನ್ನು ಹೇಳಿದಾಗ ಮಗನು ಬಿಲ್ಲನ್ನೆತ್ತಿಕೊಂಡು ಕಾಡಿಗೆ ಹೋದನು. ಆರು ವರ್ಷಗಳಾದ ಮೇಲೆ ಅವನು ತನಗೆ ಬದಲಾಗಿ ಶುನಃಶೇಪನೆಂಬ ಹುಡುಗನನ್ನು ಕೊಂಡು ತಂದನು. ಮಾರಿದವನಾರು? ಆ ಹುಡುಗನ ತಂದೆ ಅಜೀಗರ್ತನೇ. ನೂರು ಹಸುಗಳಿಗೆ ಮಾರಿದನು. ಯೂಪಕ್ಕೆ ಕಟ್ಟಲು ಮತ್ತೆ ನೂರು, ಕಡಿಯಲು ಮತ್ತೆ ನೂರು ಕೇಳಿದನು. ಹುಡುಗನು ದೇವತೆಗಳನ್ನು ಸ್ತುತಿಸಿ ಪಾಶದಿಂದ ಬಿಡುಗಡೆ ಹೊಂದಿದ ಮೇಲೆ, ಅಜೀಗರ್ತನು ಮಗನೇ ಬಾ ಎಂದು ಕರೆದನು. ಶುನಃಶೇಪನು ಹೋಗಲಿಲ್ಲ, ವಿಶ್ವಾಮಿತ್ರನ ಮಗನಾಗಿ ನಿಂತನು. ನಮ್ಮ ಹಿರಿಯರು ಈ ಕಥೆಯನ್ನು ಅಳಿಸದೆ ಕಾಪಾಡಿಕೊಂಡು ಬಂದುದು ಗಮನಿಸತಕ್ಕ ಸಂಗತಿ. ಹೆತ್ತ ಮಾತ್ರದಿಂದ ತಂದೆಗೆ ಕ್ಷಮೆಯ ಹಕ್ಕು ಬಾರದೆಂಬುದನ್ನು ಅವರು ಬಲ್ಲವರಾಗಿದ್ದರು.

ನಾವಿದ್ದ ದೋಣಿಯಲ್ಲಿ ಧಾರವಾಡದ ಕಡೆಯ ತಂದೆ ಮಕ್ಕಳಿಬ್ಬರಿದ್ದರು. ತಂದೆಗೆ ಎಂಬತ್ತರ ಸಮೀಪ; ಮಗನಿಗೆ ಐವತ್ತಿರಬಹುದು. ಮಗನು ತಂದೆಯನ್ನು ಜೋಪಾನವಾಗಿ ಹತ್ತಿಸಿ, ಹೆಗಲಿಗೆ ಶಾಲು ಹೊದಿಸಿ, ಬಿಸಿಲು ಬೀಳದ ಕಡೆ ಕೂಡಿಸಿದನು. ಅಷ್ಟಾದ ಮೇಲೆ ಕೈಯಲ್ಲಿದ್ದ ದೂರವಾಣಿಯನ್ನು ಕಿವಿಗಿಟ್ಟವನು ಮತ್ತೆ ಇಳಿಸಲಿಲ್ಲ. “ತಮ್ಮಾ, ಇದು ಯಾವ ಘಾಟೋ?” ಎಂದು ಮುದುಕರು ಎರಡು ಸಲ ಕೇಳಿದರು. “ಅಂವ ಹೇಳ್ತಾನ ತಡೀಪಾ,” ಎಂದು ಮಗನು ಅಂಬಿಗನ ಕಡೆಗೆ ಕೈಮಾಡಿದನು. ಅಂಬಿಗನು ಹಿಂದಿಯಲ್ಲಿ ಏನೋ ಹೇಳಿದನು, ಮುದುಕರಿಗೆ ತಿಳಿಯಲಿಲ್ಲ. ಅದು ಕೇದಾರ ಘಾಟವೆಂದು ನಾವು ಹೇಳಿದೆವು. ಅವರು ಕೈಮುಗಿದರು, ಆದರೆ ನಮ್ಮನ್ನು ನೋಡಲಿಲ್ಲ, ಮಗನನ್ನೇ ನೋಡುತ್ತಿದ್ದರು. ಆ ಮಗನು ಕೆಟ್ಟವನೆಂದು ನಾವು ಹೇಳಲಾರೆವು. ಸಾವಿರ ಮೈಲು ದಾಟಿಸಿ ತಂದೆಯನ್ನು ಕರೆತಂದವನನ್ನು ಕೆಟ್ಟವನೆನ್ನುವುದು ಹೇಗೆ? ಅವನು ತನ್ನ ಕರ್ತವ್ಯವನ್ನೆಲ್ಲ ಮಾಡುತ್ತಿದ್ದನು. ಬಳಿಯಲ್ಲಿ ಮಾತ್ರ ಇರಲಿಲ್ಲ.

ಎರಡನೆಯ ಶ್ಮಶಾನವಾದ ಮಣಿಕರ್ಣಿಕೆಯ ಬಳಿಗೆ ಬರುವಾಗ ದೋಣಿಯಲ್ಲಿ ಮಾತು ತಾನಾಗಿ ನಿಲ್ಲುವುದು. ಸೌದೆಯ ರಾಶಿಗಳು ಗುಡ್ಡಗಳಂತೆ ಒಟ್ಟಿವೆ. ಆ ಸೌದೆಯನ್ನು ತಕ್ಕಡಿಯಲ್ಲಿ ತೂಗಿ ಮಾರುವರು. ಚಿತೆಗೆ ಬೆಂಕಿಯು ಡೋಮರೆಂಬ ಜನರ ಕೈಯಿಂದಲೇ ಬರಬೇಕು. ಅವರಲ್ಲಿರುವ ಬೆಂಕಿಯು ಎಂದಿಗೂ ಆರಿದುದಿಲ್ಲವೆಂದು ನಂಬುಗೆ. ತಲೆ ಬೋಳಿಸಿ ಬಿಳಿಯ ವಸ್ತ್ರವನ್ನುಟ್ಟ ಮಗನು ಚಿತೆಯನ್ನು ಸುತ್ತಿ ಬೆಂಕಿಯಿಡುವನು. ಎಲ್ಲ ಮುಗಿದ ಮೇಲೆ ನೀರು ತುಂಬಿದ ಮಡಕೆಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದು, ತಿರುಗಿ ನೋಡದೆ ಹೊರಟುಹೋಗುವನು. ತಿರುಗಿ ನೋಡಕೂಡದೆಂಬುದು ವಿಧಿ. ತಂದೆಗೆ ಹೇಳಬೇಕೆಂದಿದ್ದ ಮಾತು ಉಳಿದುಹೋಗಿದ್ದರೆ, ಅದನ್ನು ಹೇಳುವುದಕ್ಕೆ ಈ ಘಾಟದಲ್ಲಿ ಅವಕಾಶವಿಲ್ಲ. ಮಂತ್ರಗಳೆಲ್ಲ ಪುರೋಹಿತರವು, ಮಗನದೆಂಬ ಮಾತು ಅಲ್ಲಿ ಒಂದೂ ಇಲ್ಲ.

ಮಣಿಕರ್ಣಿಕೆಯನ್ನು ದಾಟುತ್ತಲೇ ರತ್ನೇಶ್ವರನ ಗುಡಿಯು ಕಾಣುವುದು. ಅದು ಹಿಂದಕ್ಕೆ ವಾಲಿಕೊಂಡು ನಿಂತಿದೆ. ಗರ್ಭಗುಡಿಯು ವರ್ಷದ ಹೆಚ್ಚು ಭಾಗ ನೀರಿನಲ್ಲಿರುವುದು. ನೆಲವು ಭಾರವನ್ನು ತಡೆಯದೆ ಕುಸಿದಿರಬೇಕೆಂದು ತಿಳಿದವರು ಹೇಳುವರು. ಊರಿನ ಜನರ ಮಾತೇ ಬೇರೆ. ಒಬ್ಬ ಮಗನು ಈ ಗುಡಿಯನ್ನು ಕಟ್ಟಿಸಿ, ತಾಯಿಯ ಋಣವು ಇದರಿಂದ ತೀರಿತೆಂದು ಹೇಳಿಕೊಂಡನಂತೆ. ಆ ಮಾತು ಬಾಯಿಂದ ಬಿದ್ದೊಡನೆ ಗುಡಿಯು ವಾಲಿತಂತೆ. ಮಾತೃಋಣವೆಂದೇ ಅದನ್ನು ಕರೆಯುವರು. ಕಲ್ಲಿನಿಂದ ಹೆತ್ತವರ ಲೆಕ್ಕವನ್ನು ಚುಕ್ತಾ ಮಾಡಲಾಗದೆಂಬ ಪಾಠವನ್ನು ಇಷ್ಟು ಚೆನ್ನಾಗಿ ಕಲಿಸುವ ಕಟ್ಟಡವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಇನ್ನು ದಂಡೆಯನ್ನು ಬಿಟ್ಟು ಗೊದೌಲಿಯಾ ಎಂಬ ಜನನಿಬಿಡ ಕೂಡುದಾರಿಯ ಕಡೆಗೆ ಬರೋಣ. ಅದರ ಸಮೀಪದಲ್ಲಿ, ೧೯೫೮ರಲ್ಲಿ ಧರ್ಮಾರ್ಥವಾಗಿ ಪ್ರಾರಂಭವಾದ ‘ಕಾಶೀಲಾಭ ಮುಕ್ತಿ ಭವನ’ವೆಂಬ ಹಳೆಯ ಮನೆಯುಂಟು. ಕಾಶಿಯಲ್ಲಿ ಪ್ರಾಣ ಬಿಡುವುದೇ ಕಾಶೀಲಾಭ. ಕೊನೆಗಾಲ ಸಮೀಪಿಸಿದವರನ್ನು ಮನೆಯವರು ಇಲ್ಲಿಗೆ ಕರೆತರುವರು. ಹತ್ತು ಹನ್ನೆರಡು ಕೊಠಡಿಗಳು, ಆಡಂಬರವೇನೂ ಇಲ್ಲ. ಇದು ಆಸ್ಪತ್ರೆಯಲ್ಲ, ಔಷಧೋಪಚಾರವು ಇಲ್ಲಿಯ ಕೆಲಸವಲ್ಲ. ತುಳಸಿ, ಗಂಗಾಜಲ, ಭಜನೆ, ಗ್ರಂಥಪಾರಾಯಣ ಇಷ್ಟೇ ಇಲ್ಲಿಯ ಚಿಕಿತ್ಸೆ. ಬಂದವರೊಡನೆ ಅವರ ಕಡೆಯವರು ಇದ್ದು ನೋಡಿಕೊಳ್ಳಬೇಕು. ಸುಮಾರು ಎರಡು ವಾರಗಳ ಅವಧಿಯೆಂಬುದು ವಾಡಿಕೆಯ ನಿಯಮ. ಇಂಥ ಮನೆಗಳನ್ನು ಕಂಡೇ ಭೂಟಿಯಾನಿಯವರಿಗೆ ತಮ್ಮ ಕಥೆಯು ಹೊಳೆಯಿತು.

ಆ ಕಥೆಯು ಹೀಗಿದೆ. ದಯಾನಂದನೆಂಬ ಎಪ್ಪತ್ತೇಳು ವರ್ಷದ ಮುದುಕನಿಗೆ ಒಂದು ರಾತ್ರಿ ಕನಸು ಬೀಳುವುದು. ತನ್ನ ಕಾಲ ಬಂದಿತೆಂದು ನಿಶ್ಚಯಿಸಿ, ಕಾಶಿಗೆ ಹೋಗುವೆನೆಂದು ಊಟದ ಹೊತ್ತಿನಲ್ಲಿ ಮನೆಯವರಿಗೆ ಹೇಳುವನು. ಗೋದಾನವನ್ನೂ ಮಾಡಿಬಿಡುವನು. ಮಗ ರಾಜೀವನಿಗೆ ಇದು ಸಿಡಿಲಿನಂತೆ ಎರಗುವುದು. ಮಗಳ ಮದುವೆ ಹತ್ತಿರ ಬಂದಿದೆ. ಕಛೇರಿಯಲ್ಲಿ ರಜೆ ಕೊಡುವವರಿಲ್ಲ. ಆದರೂ ಲೋಕಕ್ಕೆ ಅಂಜಿಯೋ ಕರ್ತವ್ಯಕ್ಕೆ ಅಂಜಿಯೋ ತಂದೆಯೊಡನೆ ಹೊರಡುವನು. ದಾರಿಯುದ್ದಕ್ಕೂ ಕಛೇರಿಯ ಕರೆ ಅವನನ್ನು ಬಿಡುವುದಿಲ್ಲ. ಮುಕ್ತಿ ಭವನದ ಮೇಲ್ವಿಚಾರಕರು ನಿಯಮಗಳನ್ನು ಹೇಳುವರು: ಹದಿನೈದು ದಿನ ಇರಬಹುದು, ಮುಕ್ತಿ ಸಿಕ್ಕಲಿ, ಸಿಕ್ಕದಿರಲಿ, ಆಮೇಲೆ ಕೊಠಡಿಯನ್ನು ಬಿಡಬೇಕು. ಮಗನು ಮನಸ್ಸಿನಲ್ಲಿಯೇ ದಿನಗಳನ್ನು ಎಣಿಸತೊಡಗುವನು. ತಂದೆಯು ಬೇಗ ಸಾಯಲೆಂದು ಅವನ ಇಚ್ಛೆಯಲ್ಲ. ಸಾಯದಿದ್ದರೆ ರಜೆಯ ಗತಿಯೇನೆಂಬ ಚಿಂತೆ. ಇದನ್ನು ನೋಡಿ ಪ್ರೇಕ್ಷಕರು ನಗುವರು. ಆ ನಗೆಯಲ್ಲಿ ತಮ್ಮ ಮನೆಯನ್ನೇ ಕಂಡು ಸುಮ್ಮನಾಗುವರು.

ಆ ಮನೆಯಲ್ಲಿ ವಿಮಲೆಯೆಂಬ ವಿಧವೆಯೊಬ್ಬಳಿರುವಳು. ಗಂಡನೊಡನೆ ಸಾಯಲು ಬಂದವಳು. ಗಂಡನು ಹೋಗಿ, ಅವಳು ಹದಿನೆಂಟು ವರ್ಷಗಳಿಂದ ಅಲ್ಲಿಯೇ ಉಳಿದಿರುವಳು. ಕೊಠಡಿಯ ಅವಧಿ ಮುಗಿದಾಗ ಪುಸ್ತಕದಲ್ಲಿ ಹೆಸರನ್ನು ಬದಲಾಯಿಸಿದರಾಯಿತು! ದಯಾನಂದನಿಗೆ ಅವಳ ಗೆಳೆತನವಾಗುವುದು. ಸಾಯಲು ಬಂದವರು ಕಲೆತು ಟೆಲಿವಿಷನ್ನಿನಲ್ಲಿ ಕಥೆಯ ಮುಂದಿನ ಭಾಗವನ್ನು ನೋಡಲು ಆತುರಪಡುವರು. ಇತ್ತ, ಮನೆಯಲ್ಲಿ ಒಲೆಯ ಮುಂದೆ ನಿಂತರಿಯದ ಮಗನು ತಂದೆಗೆ ಅಡುಗೆ ಮಾಡಿಹಾಕಬೇಕಾಗುವುದು. ಒಂದೇ ಕೊಠಡಿಯಲ್ಲಿ ಹಗಲೂ ರಾತ್ರಿಯೂ ಇಬ್ಬರೇ. ಅಷ್ಟು ಹೊತ್ತು ಒಟ್ಟಿಗಿದ್ದ ಮೇಲೆ ಹಳೆಯ ಮಾತುಗಳು ತಾವಾಗಿಯೇ ಮೇಲಕ್ಕೇಳುವುವು. ಮಗನು ಎಳೆಯನಾಗಿದ್ದಾಗ ಕವಿತೆಗಳನ್ನು ಬರೆಯುತ್ತಿದ್ದನು. ಅದರ ಪ್ರಸ್ತಾಪ ಬಂದಾಗ, ಮಾಯದೆ ಉಳಿದ ಹಳೆಯ ಗಾಯವು ನಮಗೆ ಕಾಣುವುದು.

ಒಂದು ರಾತ್ರಿ ತಂದೆಗೆ ಜ್ವರವೇರುವುದು. ಇನ್ನು ಕೊನೆಯೆಂದು ಇಬ್ಬರೂ ತಿಳಿಯುವರು. ಇಷ್ಟು ವರ್ಷ ಗಂಟಲಲ್ಲಿ ನಿಂತಿದ್ದ ಮಾತು ಆ ರಾತ್ರಿ ಹೊರಗೆ ಬರುವುದು. ಬೆಳಗಾಗುವ ಹೊತ್ತಿಗೆ ಜ್ವರವು ಇಳಿದಿರುವುದು! ಕಥೆಗಾರನ ಜಾಣ್ಮೆ ಇಲ್ಲಿದೆ. ಸಾಧಾರಣ ಕಥೆಗಳಲ್ಲಿ ಕ್ಷಮೆ ಕೇಳಿದ ಕೂಡಲೇ ಮುದುಕನು ಕಣ್ಣುಮುಚ್ಚುವನು. ಉಳಿದವರಿಗೆ ಅದು ಬಹಳ ಅನುಕೂಲ. ಇಲ್ಲಿ ಹಾಗಾಗಲಿಲ್ಲ. ಮನಸ್ಸು ಬಿಚ್ಚಿದ ಇಬ್ಬರೂ ಮರುದಿನವೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಬದುಕಬೇಕು. ಒಲೆ ಹಚ್ಚಬೇಕು, ಜಗಳವಾಡಬೇಕು, ಮತ್ತೆ ಹೊಂದಬೇಕು. ಕೊನೆಗೆ ವಿಮಲೆಯು ತೀರಿಕೊಂಡ ಮೇಲೆ, ತಂದೆಯು ಮಗನನ್ನು ಊರಿಗೆ ಹಿಂದಿರುಗೆಂದು ಕಳುಹಿಸುವನು. ಆನೆಯು ತನ್ನ ಕೊನೆಗಾಲದಲ್ಲಿ ಹಿಂಡನ್ನು ಬಿಟ್ಟು ಹೋಗುವಂತೆ ತಾನೂ ಒಂಟಿಯಾಗಿರುವೆನೆಂಬುದು ಅವನ ಇಚ್ಛೆ. ಬರುವಾಗ ದಿನವೆಣಿಸುತ್ತಿದ್ದ ಮಗನಿಗೆ ಹೋಗುವಾಗ ಕಾಲು ಬಾರದು. ಅವನು ಹೋದ ಮೇಲೆ ತಂದೆಯು ದೇಹವನ್ನು ಬಿಡುವನು.

ಲಲಿತ್ ಬೆಹಲರು ತಂದೆಯಾಗಿಯೂ, ಆದಿಲ್ ಹುಸೇನರು ಮಗನಾಗಿಯೂ ಅಭಿನಯಿಸಿದರು. ವಿಮಲೆಯಾಗಿ ಕಾಣಿಸಿಕೊಂಡ ನವನೀಂದ್ರ ಬೆಹಲರು ಲಲಿತರ ಪತ್ನಿ. ಚಿತ್ರಕ್ಕೆ ಹಣವನ್ನು ತೊಡಗಿಸಿದವರಲ್ಲಿ ನಿರ್ದೇಶಕರ ತಂದೆ ಸಂಜಯ ಭೂಟಿಯಾನಿಯವರೂ ಇದ್ದರೆಂಬುದು ಇಂಥ ಕಥೆಗೆ ಒಪ್ಪುವ ಸಂಗತಿಯೇ ಸರಿ. ಲಲಿತ್ ಬೆಹಲರು ೨೦೨೧ರ ಏಪ್ರಿಲಿನಲ್ಲಿ, ಆ ವರ್ಷದ ಮಹಾಮಾರಿಯಲ್ಲಿ ತೀರಿಕೊಂಡರು. ಎಷ್ಟೋ ಮಕ್ಕಳಿಗೆ ತಂದೆಯ ಹಾಸಿಗೆಯ ಬಳಿ ಕುಳಿತುಕೊಳ್ಳಲೂ ಆಗದಿದ್ದ ದಿನಗಳವು. ಆ ದಿನಗಳನ್ನು ಕಂಡ ನಮಗೆ, ಒಂದೇ ಕೊಠಡಿಯಲ್ಲಿ ಹದಿನೈದು ದಿನವೆಂಬುದು ಎಂಥ ಐಶ್ವರ್ಯವೆಂದು ಈಗ ತಿಳಿಯುವುದು.

ಕಾಶಿಯು ಆ ತಂದೆ ಮಕ್ಕಳಿಗೆ ಕೊಟ್ಟುದೇನು? ನಮಗೆ ತೋರುವ ಮಟ್ಟಿಗೆ, ಕೆಲಸವಿಲ್ಲದ ಹೊತ್ತು. ಮನೆಯಲ್ಲಿ ತಂದೆಗೂ ಮಗನಿಗೂ ನಡುವೆ ಸದಾ ಒಂದಲ್ಲ ಒಂದು ಕೆಲಸ ನಿಂತಿರುವುದು: ಮದುವೆ, ಸಾಲ, ಕಛೇರಿ, ಮಕ್ಕಳ ಓದು. ಇವುಗಳ ಮರೆಯಲ್ಲಿ ಮುನಿಸು ಸುಖವಾಗಿ ಬೆಳೆಯುವುದು. ಕಾಯುವುದನ್ನು ಬಿಟ್ಟು ಬೇರೆ ಕೆಲಸವಿಲ್ಲದ ಸ್ಥಳದಲ್ಲಿ ಆ ಮರೆಯು ಜಾರುವುದು. ಶಾಸ್ತ್ರಜ್ಞರೂ ಇದನ್ನು ಅರಿಯದವರಲ್ಲ. ಮಗನು ಪುತ್ರನೆನಿಸಲು ಮೂರನ್ನು ಮಾಡಬೇಕೆಂದು ಹಿರಿಯರು ಹೇಳುತ್ತ ಬಂದಿರುವರು: ತಂದೆ ಬದುಕಿರುವಾಗ ಮಾತನ್ನು ನಡೆಸುವುದು, ತೀರಿದ ತಿಥಿಯಲ್ಲಿ ಅನ್ನವಿಕ್ಕುವುದು, ಗಯೆಯಲ್ಲಿ ಪಿಂಡವಿಡುವುದು. ಎರಡನೆಯದಕ್ಕೂ ಮೂರನೆಯದಕ್ಕೂ ಪುರೋಹಿತರು ಸಿಕ್ಕುವರು. ಮೊದಲನೆಯದನ್ನು ಮಾಡಿಸಿಕೊಡುವ ಪುರೋಹಿತರಿಲ್ಲ.

ಕಠೋಪನಿಷತ್ತಿನ ಹುಡುಗನೂ ಇದನ್ನೇ ತೋರಿಸಿಕೊಟ್ಟನು. ಮುದಿ ಹಸುಗಳನ್ನು ದಾನ ಮಾಡುತ್ತಿದ್ದ ತಂದೆಯನ್ನು ನಚಿಕೇತನು, ನನ್ನನ್ನು ಯಾರಿಗೆ ಕೊಡುವೆಯೆಂದು ಮೂರು ಸಲ ಕೇಳಿದನು. ತಂದೆಯು ಸಿಟ್ಟಿನಿಂದ ಮೃತ್ಯುವಿಗೆ ಕೊಟ್ಟೆನೆಂದನು. ಯಮನು ಮೂರು ವರಗಳನ್ನು ಕೊಡಲು ಮುಂದಾದಾಗ, ಸಾವಿನಾಚೆಯ ರಹಸ್ಯವನ್ನು ಹುಡುಗನು ಮೂರನೆಯದಕ್ಕೆ ಇಟ್ಟುಕೊಂಡನು. ಮೊದಲನೆಯ ವರವಾಗಿ ಕೇಳಿದ್ದು, ತಂದೆಯ ಕೋಪವು ಇಳಿಯಲಿ, ಹಿಂದಿರುಗಿದಾಗ ನನ್ನನ್ನು ಗುರುತಿಸಿ ಮಾತನಾಡಿಸಲಿ ಎಂಬುದನ್ನು. ಬ್ರಹ್ಮವಿದ್ಯೆಗಿಂತ ಮೊದಲು ಮನೆಯ ಸಮಾಧಾನ!

ಗೊದೌಲಿಯಾದಿಂದ ಅನತಿದೂರದಲ್ಲಿ ಜಂಗಮವಾಡಿ ಮಠವುಂಟು. ಕರ್ಣಾಟಕದಿಂದ ಬಂದ ವೀರಶೈವ ಭಕ್ತರಿಗೆ ಅದು ತವರಿದ್ದಂತೆ. ಅಲ್ಲಿ ಕನ್ನಡವು ಕಿವಿಗೆ ಬೀಳುವುದು. ತೀರಿಹೋದ ಹಿರಿಯರ ಹೆಸರಿನಲ್ಲಿ ಶಿವಲಿಂಗವನ್ನು ಅರ್ಪಿಸುವುದು ಅಲ್ಲಿಯ ಪದ್ಧತಿ. ಹೀಗೆ ಬಂದ ಲಿಂಗಗಳು ಸಾಲುಸಾಲಾಗಿ, ಒಂದರ ಪಕ್ಕದಲ್ಲೊಂದು, ಎಣಿಕೆಗೆ ಸಿಕ್ಕದಷ್ಟು ಸೇರಿವೆ. ಅವುಗಳ ನಡುವೆ ನಿಂತಾಗ, ಪ್ರತಿಯೊಂದು ಲಿಂಗದ ಹಿಂದೆ ಒಬ್ಬ ತಂದೆಯೋ ತಾಯಿಯೋ ಇರುವರೆಂದೂ, ಅದನ್ನು ಇರಿಸಿದ ಮಗನ ಮನಸ್ಸಿನಲ್ಲಿ ಹೇಳದೆ ಉಳಿದ ಒಂದು ಮಾತಾದರೂ ಇದ್ದಿರಬೇಕೆಂದೂ ನಮಗೆನ್ನಿಸಿತು.

ಕಾಶಿ ಗಯೆಗಳಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಕಾಯಿಪಲ್ಯವನ್ನೋ ಅಲ್ಲಿ ಬಿಟ್ಟುಬರಬೇಕೆಂಬ ರೂಢಿ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಬುದ್ಧಿವಂತರು ಹಾಗಲಕಾಯಿಯನ್ನು ಬಿಟ್ಟುಬಂದು ಪುಣ್ಯವನ್ನು ಅಗ್ಗದಲ್ಲಿ ಕೊಂಡೆವೆಂದು ನಗುವುದುಂಟು. ಆದರೆ ಮನುಷ್ಯನಿಗೆ ಮಾವಿನ ಹಣ್ಣಿಗಿಂತಲೂ ಪ್ರಿಯವಾದುದು ತನ್ನ ಹಳೆಯ ಮುನಿಸು. ಅದನ್ನು ಅವನು ಮೂವತ್ತು ವರ್ಷ ಉಪ್ಪಿನಕಾಯಿಯಂತೆ ಕೆಡದೆ ಕಾಪಾಡಿಕೊಳ್ಳುವನು. ಬಿಡುವುದಾದರೆ ಅದನ್ನು ಬಿಡಬೇಕು. ಅಜೀಗರ್ತನಂಥ ತಂದೆಯ ಬಳಿಗೆ ಶುನಃಶೇಪನು ಮರಳಲೇಬೇಕೆಂದು ನಾವು ಹೇಳುವುದಿಲ್ಲ; ಅಂಥ ಗಾಯವು ಬೇರೆ. ಆದರೆ ನಮ್ಮ ನಿಮ್ಮ ಮನೆಗಳಲ್ಲಿರುವ ಮುನಿಸುಗಳಲ್ಲಿ ಹೆಚ್ಚಿನವು ಬಲಿಪೀಠದವರೆಗೆ ಹೋದವುಗಳಲ್ಲ. ಒಂದು ಬಿರುಸಿನ ಮಾತು, ಹರಿದುಹಾಕಿದ ಒಂದು ಕಾಗದ, ಒಪ್ಪದ ಒಂದು ಮದುವೆ, ಇಷ್ಟರಿಂದ ಹುಟ್ಟಿದವು. ಇವುಗಳನ್ನು ಬಿಡಲು ರೈಲು ಹತ್ತಬೇಕಾದುದಿಲ್ಲ. ಜಗಲಿಯ ಮೇಲೆ ಕುಳಿತ ಮುದುಕರು, ಇದು ಯಾವ ಊರಿನ ಗಾಡಿಯೆಂದೋ ಇಂದು ಯಾವ ವಾರವೆಂದೋ ಎರಡನೆಯ ಸಲ ಕೇಳಿದಾಗ, ಕೈಯಲ್ಲಿದ್ದುದನ್ನು ಕೆಳಗಿಟ್ಟು, ಅವರ ಪಕ್ಕದಲ್ಲಿ ಕುಳಿತು ಉತ್ತರ ಕೊಟ್ಟರೆ, ಕಾಶೀಲಾಭದ ಮೊದಲ ಕಂತು ಮನೆಯಲ್ಲಿಯೇ ಕೈಸೇರುವುದು. ಉಳಿದುದನ್ನು ವಿಶ್ವನಾಥನು ನೋಡಿಕೊಳ್ಳುವನು.